ಹೊಟ್ಟೆಯೊಳಗಿನ ಕೂಸು, ಹೊರಗೆ ಕೂತ ಅಪ್ಪ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಬಸುರಿಯರದ್ದೇ. ಗಂಡಂದಿರದ್ದು ಒಂದೇ ಒಂದು. ಅತ್ತೆಯೊಬ್ಬರೂ ಬರೆದಿದ್ದಾರೆ, ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರಾಗಿದ್ದು ನಿವೃತ್ತಳಾದವಳು ನಾನು. ಉತ್ತರದಲ್ಲಿ ಅಲ್ಲಲ್ಲಿ ಗದರಿದ ಹಾಗೆ ಕೇಳಿಸಿದರೆ ಅದು ಒಪಿಡಿಯ ಅಭ್ಯಾಸ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಮೇಡಂ, ನನಗೆ ಈಗ ಐದು ತಿಂಗಳು. ಹೋದ ವರ್ಷ ಮೊದಲನೆಯದು ಎರಡೂವರೆ ತಿಂಗಳಿಗೇ ಹೋಯಿತು. ಈಗ ಎಲ್ಲರೂ "ಮಗು ಜೊತೆ ಮಾತಾಡು, ಹೊಟ್ಟೆ ಸವರು" ಅನ್ನುತ್ತಾರೆ. ನನಗೆ ಬಾಯೇ ಬರಲ್ಲ. ಪ್ರೀತಿ ಅಂತ ಏನೂ ಅನ್ನಿಸುತ್ತಿಲ್ಲ, ಬರೀ ಭಯ. ನಮ್ಮ ಯಜಮಾನರು ಮಗುವಿನ ಮಾತು ಎತ್ತಿದರೆ ಎದ್ದು ಆಚೆ ಹೋಗುತ್ತಾರೆ. ಹೋದ ಸಲವೂ ಒಂದು ಮಾತು ಆಡಲಿಲ್ಲ. ನಾನು ಕೆಟ್ಟ ತಾಯಿನಾ? (ಚಿತ್ರದುರ್ಗ)

ಉತ್ತರ: ಇಲ್ಲಮ್ಮಾ. ಒಮ್ಮೆ ಕಳೆದುಕೊಂಡವರು ಮತ್ತೆ ಆಸೆ ಇಟ್ಟುಕೊಳ್ಳಲು ಹೆದರುತ್ತಾರೆ. ಈ ಸಲದ್ದೂ ಹೋದರೆ ತಡೆದುಕೊಳ್ಳುವುದು ಹೇಗೆ ಅಂತ ಮನಸ್ಸು ಮೊದಲೇ ಬಾಗಿಲು ಹಾಕಿಕೊಂಡಿದೆ. ಪ್ರೀತಿ ಇಲ್ಲದವರಿಗೆ ಇಷ್ಟು ಭಯ ಎಲ್ಲಿಂದ ಬರಬೇಕು ಹೇಳಿ?

ಮೊದಲು ಆ ಮೊದಲನೆಯದರ ವಿಷಯ ಮಾತಾಡೋಣ. ಅದು ಯಾಕೆ ಹೋಯಿತು ಅಂತ ನಿಮಗೆ ಯಾರಾದರೂ ಸರಿಯಾಗಿ ಹೇಳಿದ್ದಾರಾ? ಪಪ್ಪಾಯಿ ತಿಂದಳು, ಸ್ಕೂಟರ್‌ನಲ್ಲಿ ಓಡಾಡಿದಳು, ನೀರಿನ ಬಿಂದಿಗೆ ಎತ್ತಿದಳು ಅಂತ ನಾಲ್ಕು ಜನ ನಾಲ್ಕು ಮಾತು ಹೇಳಿರುತ್ತಾರೆ. ನೀವು ಅದನ್ನೆಲ್ಲ ಒಳಗೇ ಇಟ್ಟುಕೊಂಡಿರುತ್ತೀರಿ. ಬಸಿರು ಅಂತ ಗೊತ್ತಾದ ನೂರು ಜನರಲ್ಲಿ 10ರಿಂದ 20 ಜನರಿಗೆ ಹೀಗಾಗುತ್ತದೆ. ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಅವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮಿನಲ್ಲೇ ಆದ ಏರುಪೇರು. ಅದನ್ನು ನೀವು ಮಾಡಿದ್ದಲ್ಲ, ತಡೆಯಲು ನಿಮ್ಮಿಂದ ಆಗುತ್ತಲೂ ಇರಲಿಲ್ಲ. ಒಂದು ಸಲ ಹೀಗಾದವರಲ್ಲಿ ಬಹುಪಾಲು ಜನರಿಗೆ ಮುಂದಿನದು ನಿಲ್ಲುತ್ತದೆ. ನೀವು ಐದನೇ ತಿಂಗಳಲ್ಲಿದ್ದೀರಿ, ಹೋದ ಸಲದ ಗಡಿ ದಾಟಿ ಎಷ್ಟೋ ದಿನ ಆಯಿತು.

ಮಾತಾಡಲು ಬಾಯಿ ಬರದಿದ್ದರೆ ಬಿಡಿ. ಯಾರೋ ಹೇಳಿದರು ಅಂತ ಹೊಟ್ಟೆ ಸವರುತ್ತಾ ಕೂರಬೇಕಾಗಿಲ್ಲ. ಮೊದಲ ಸಲದವರಿಗೆ ಮಗು ಅಲ್ಲಾಡುವುದು ಗೊತ್ತಾಗುವುದೇ 18ರಿಂದ 20 ವಾರಕ್ಕೆ, ಕೆಲವರಿಗೆ 22 ಆಗುತ್ತದೆ. ಹೋದ ಸಲ ನೀವು ಅಷ್ಟು ದೂರ ಬಂದಿರಲಿಲ್ಲ, ಹಾಗಾಗಿ ಇದೇ ನಿಮಗೆ ಮೊದಲು. ಮಾಸು ಗರ್ಭಕೋಶದ ಮುಂದಿನ ಗೋಡೆಗೆ ಅಂಟಿಕೊಂಡಿದ್ದರೆ ಇನ್ನೂ ಸ್ವಲ್ಪ ತಡ. ನಿಮ್ಮ ಸ್ಕ್ಯಾನ್ ರಿಪೋರ್ಟಿನಲ್ಲಿ 'ಆಂಟೀರಿಯರ್ ಪ್ಲಸೆಂಟಾ' ಅಂತ ಬರೆದಿದೆಯಾ ನೋಡಿ. ಇದ್ದರೆ ಗಾಬರಿ ಬೇಡ, ಅದು ಕಾಯಿಲೆ ಅಲ್ಲ. ಒಂದು ಸಂಜೆ ಸುಮ್ನೆ ಕೂತಿದ್ದಾಗ ಹೊಕ್ಕುಳ ಕೆಳಗೆ ಏನೋ ಪುಳಕ್ ಅನ್ನುತ್ತದೆ. ಗ್ಯಾಸ್ ಇರಬೇಕು ಅಂದುಕೊಳ್ಳುತ್ತೀರಿ. ಮಾರನೇ ದಿನವೂ ಅದೇ ಹೊತ್ತಿಗೆ ಆದರೆ ಅದು ಗ್ಯಾಸ್ ಅಲ್ಲ.

ತುಂಬಾ ಜನರಿಗೆ ನಂಟು ಶುರುವಾಗುವುದು ಅಲ್ಲಿಂದ. ಎಲ್ಲರಿಗೂ ಅಲ್ಲ. ಹೆರಿಗೆ ಕೋಣೆಯಲ್ಲಿ ಮಗು ಎತ್ತಿ ತೋರಿಸಿದಾಗ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಮುಖ ಆ ಕಡೆ ತಿರುಗಿಸಿ, "ಸಿಸ್ಟರ್, ಒಂದು ಲೋಟ ಕಾಫಿ ಸಿಗುತ್ತಾ?" ಅಂದವರನ್ನೂ ನೋಡಿದ್ದೇನೆ. ಕಾಫಿ ಕೇಳಿದವರು ಡಿಸ್ಚಾರ್ಜ್ ಆಗುವ ಹೊತ್ತಿಗೆ ಮಗುವನ್ನು ಸ್ವಂತ ಅಕ್ಕನ ಕೈಗೂ ಕೊಡುತ್ತಿರಲಿಲ್ಲ.

ಇನ್ನು ನಿಮ್ಮ ಯಜಮಾನರು. ಮಗು ಹೋದಾಗ ಬಂದವರೆಲ್ಲ ಅವರನ್ನು ಏನು ಕೇಳಿರುತ್ತಾರೆ? "ಹೆಂಡತಿ ಹೇಗಿದ್ದಾಳೆ?" ಅಂತ. "ನೀನು ಹೇಗಿದ್ದೀಯಪ್ಪಾ?" ಅಂತ ಒಬ್ಬರೂ ಕೇಳಿರಲ್ಲ. ಅವರ ಮಗುವೂ ಅದೇ ಅಲ್ವಾ? ಅವರು ಎದ್ದು ಹೋಗುವುದು ಕಾಳಜಿ ಇಲ್ಲದೆ ಅಂತ ನಾನು ನಂಬುವುದಿಲ್ಲ. ನೀವಿಬ್ಬರೂ ಒಂದೇ ದುಃಖವನ್ನು ಒಂದೇ ಮನೆಯಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕೂತು ಪಡುತ್ತಿದ್ದೀರಿ. ಎದುರು ಕೂರಿಸಿಕೊಂಡು "ಮಾತಾಡಿ" ಅಂದರೆ ಗಂಡಸರಿಗೆ ಬಾಯಿ ಕಟ್ಟುತ್ತದೆ. ರಾತ್ರಿ ಲೈಟ್ ಆರಿಸಿದ ಮೇಲೆ, ಮುಖ ಕಾಣದಿರುವಾಗ ಒಂದೇ ಒಂದು ಮಾತು ಕೇಳಿ: "ಹೋದ ಸಲ ನಿಮಗೂ ತುಂಬಾ ಬೇಜಾರಾಗಿತ್ತಾ?" ಕೇಳಿ ಸುಮ್ಮನಾಗಿ. ಉತ್ತರ ಆವತ್ತೇ ಬರಬೇಕು ಅಂತಿಲ್ಲ.

ಮುಂದಿನ ಚೆಕಪ್‌ಗೆ ಅವರನ್ನು ಒಳಗೆ ಕರೆದುಕೊಂಡು ಹೋಗಿ. ನಮ್ಮ ಆಸ್ಪತ್ರೆಯ ಅಂಗಳದಲ್ಲಿ ಒಂದು ಬೇವಿನ ಮರ ಇತ್ತು. ಒಪಿಡಿ ದಿನ ಅದರ ಕೆಳಗೆ ಬೈಕ್ ನಿಲ್ಲಿಸಿಕೊಂಡು ಗಂಡಂದಿರ ದಂಡೇ ಕೂತಿರುತ್ತಿತ್ತು, ಕೈಯಲ್ಲಿ ತಾಯಿ ಕಾರ್ಡಿನ ಕವರ್, ಕಣ್ಣು ಮೊಬೈಲ್ ಮೇಲೆ. ಆಯಾಗೆ ಹೇಳಿ ಒಬ್ಬೊಬ್ಬರನ್ನೇ ಒಳಗೆ ಕರೆಸುತ್ತಿದ್ದೆ. ಹೊಟ್ಟೆಯ ಮೇಲೆ ಡಾಪ್ಲರ್ ಇಟ್ಟು ಗುಂಡಿ ತಿರುಗಿಸಿದರೆ ಕುದುರೆ ಓಡಿದ ಹಾಗೆ ಸದ್ದು. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160, ನಮ್ಮದರ ಸುಮಾರು ಎರಡರಷ್ಟು. ಅದನ್ನು ಕೇಳಿದ ಗಂಡಸು ಮೊದಲು ನೋಡುತ್ತಿದ್ದದ್ದು ಮೆಷಿನ್ ಕಡೆಗಲ್ಲ, ಹೆಂಡತಿಯ ಮುಖದ ಕಡೆಗೆ. ನಿಮ್ಮ ಡಾಕ್ಟರನ್ನೂ ಕೇಳಿ, "ಇವರಿಗೂ ಒಂದ್ಸಲ ಕೇಳಿಸಿ" ಅಂತ.

ಒಂದು ಎಚ್ಚರಿಕೆ. ನಿದ್ದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರಕ್ಕಿಂತ ಜಾಸ್ತಿ ಆದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ, ಅದನ್ನು ಬಸುರಿ ಬೇಸರ ಅಂತ ತಳ್ಳಿಹಾಕಬೇಡಿ. ನಮ್ಮಂಥ ದೇಶಗಳಲ್ಲಿ ನೂರು ಗರ್ಭಿಣಿಯರಲ್ಲಿ ಸುಮಾರು 15 ಜನರಿಗೆ ಖಿನ್ನತೆಯಂಥ ತೊಂದರೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಚಿಕಿತ್ಸೆ ಇದೆ. ಮನಸ್ಸಿನ ತೊಂದರೆಗೆ ಅಂತಲೇ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿಕೊಳ್ಳುವ ವಾರ್ಡೇ ಇದೆ.

ಪ್ರಶ್ನೆ: ನನಗೆ ಏಳು ತಿಂಗಳು. ನಮ್ಮನೆಯವರು ಆನ್‌ಲೈನ್‌ನಲ್ಲಿ ಗರ್ಭ ಸಂಸ್ಕಾರದ ಕೋರ್ಸಿಗೆ ದುಡ್ಡು ಕಟ್ಟಿದ್ದಾರೆ. ಬೆಳಗ್ಗೆ ಶ್ಲೋಕ, ಮಧ್ಯಾಹ್ನ ವೀಣೆ, ಸಂಜೆ ಗಣಿತದ ಲೆಕ್ಕ. ಹೊಟ್ಟೆ ಮೇಲೆ ಹೆಡ್‌ಫೋನ್ ಇಟ್ಟುಕೊಳ್ಳಬೇಕಂತೆ. ನನಗೆ ನಿದ್ದೆ ಬಂದುಬಿಡುತ್ತೆ. ತಪ್ಪಿಸಿದರೆ "ಮಗು ದಡ್ಡ ಆದ್ರೆ ನೀನೇ ಕಾರಣ" ಅನ್ನುತ್ತಾರೆ. (ಮೈಸೂರು)

ಉತ್ತರ: ನಿದ್ದೆ ಮಾಡಿ.

ಚಕ್ರವ್ಯೂಹದ ಕಥೆ ನಿಮ್ಮನೆಯವರಿಗೂ ಗೊತ್ತಿರುತ್ತದೆ. ಕಥೆ ನಡೆಯುತ್ತಿರುವಾಗಲೇ ಸುಭದ್ರೆಗೆ ನಿದ್ದೆ ಬಂತು. ಪಾಪ, ಬಸುರಿ, ಬರದೆ ಇರುತ್ತಾ? ಅಭಿಮನ್ಯು ಸತ್ತಿದ್ದಕ್ಕೆ ಅವಳ ನಿದ್ದೆ ಕಾರಣ ಅಂತ ಕುರುಕ್ಷೇತ್ರದಲ್ಲಿ ಯಾರೂ ಅವಳನ್ನು ಬೈದ ಹಾಗಿಲ್ಲ. ಆರೇಳು ಜನ ಮಹಾರಥರು ಸುತ್ತುಗಟ್ಟಿ ಒಬ್ಬ ಹುಡುಗನನ್ನು ಹೊಡೆದರು, ಅದು ಕಾರಣ.

ಮಗುವಿಗೆ ಕೇಳಿಸುತ್ತದೆ, ಅದು ನಿಜ. ಸುಮಾರು 24-25 ವಾರದಿಂದ ಸದ್ದಿಗೆ ಮಿಸುಕಾಡುತ್ತದೆ. ಒಳಗೆ ಅದಕ್ಕೆ ದಿನವಿಡೀ ಕೇಳುವುದು ನಿಮ್ಮ ಎದೆಬಡಿತ, ಕರುಳಿನ ಗುಳುಗುಳು, ಎಲ್ಲಕ್ಕಿಂತ ಚೆನ್ನಾಗಿ ನಿಮ್ಮ ದನಿ. ಹೊರಗಿನ ಸದ್ದು ಹೊಟ್ಟೆಯ ಗೋಡೆ, ನೀರು ಎಲ್ಲ ದಾಟಿ ಮಂದವಾಗಿ ಹೋಗುತ್ತದೆ. ನಿಮ್ಮ ದನಿ ಮೈಯೊಳಗಿಂದಲೇ ತಲುಪುತ್ತದೆ. ಅಮೆರಿಕದಲ್ಲಿ 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಅನ್ನುವ ಇಬ್ಬರು, ಹುಟ್ಟಿ ಮೂರು ದಿನ ಕೂಡ ಆಗದ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು ನೋಡಿದರು. ಒಂದು ರೀತಿ ಚೀಪಿದರೆ ಅಮ್ಮನ ದನಿ, ಇನ್ನೊಂದು ರೀತಿ ಚೀಪಿದರೆ ಬೇರೆ ಹೆಂಗಸಿನ ದನಿ. ಕೂಸುಗಳು ಅಮ್ಮನ ದನಿ ಬರುವ ಹಾಗೆಯೇ ಚೀಪಿದವು! 1986ರ ಇನ್ನೊಂದು ಪರೀಕ್ಷೆಯಲ್ಲಿ, ಅಮ್ಮ ಕೊನೆಯ ಆರು ವಾರ ದಿನಾ ಗಟ್ಟಿಯಾಗಿ ಓದಿದ ಕಥೆಯನ್ನು ಮಗು ಹುಟ್ಟಿದ ಮೇಲೆ ಗುರುತು ಹಿಡಿಯಿತು. ರುಚಿಯೂ ಅಷ್ಟೇ. ಬಸುರಿಯಲ್ಲಿ ಅಮ್ಮ ಕ್ಯಾರೆಟ್ ರಸ ಕುಡಿದಿದ್ದರೆ, ಮಗು ಮುಂದೆ ಕ್ಯಾರೆಟ್ ಬೆರೆಸಿದ ಊಟಕ್ಕೆ ಮುಖ ಸಿಂಡರಿಸುವುದು ಕಡಿಮೆ ಅಂತ 2001ರಲ್ಲಿ ಕಂಡುಕೊಂಡರು. ಹಾಗಾಗಿ ಬಸ್ಸಾರು, ಸೊಪ್ಪಿನ ಪಲ್ಯ ಧಾರಾಳವಾಗಿ ತಿನ್ನಿ.

ಆದರೆ ಹೊಟ್ಟೆಗೆ ಹೆಡ್‌ಫೋನ್ ಇಟ್ಟರೆ ಮಗು ಗಣಿತದಲ್ಲಿ ಹುಷಾರಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಜೋರಾಗಿ ಇಟ್ಟರೆ ಅದರ ನಿದ್ದೆಯೂ ಕೆಡುತ್ತದೆ. ಶ್ಲೋಕ ಹೇಳಿಕೊಂಡರೆ ನಿಮಗೆ ಸಮಾಧಾನ ಅನ್ನಿಸಿದರೆ ಹೇಳಿಕೊಳ್ಳಿ, ವೀಣೆ ಇಷ್ಟವಿದ್ದರೆ ಕೇಳಿ. ಬೈಸಿಕೊಂಡು ಕೇಳುವ ವೀಣೆಯಿಂದ ಯಾರಿಗೂ ಉಪಯೋಗವಿಲ್ಲ.

ನಿಮ್ಮನೆಯವರಿಗೆ ಬೇರೆ ಕೆಲಸ ಕೊಡಿ. ದಿನಾ ರಾತ್ರಿ ಹತ್ತು ನಿಮಿಷ ನಿಮ್ಮ ಪಕ್ಕ ಕೂತು ಪೇಪರ್ ಗಟ್ಟಿಯಾಗಿ ಓದಲಿ. ಕ್ರಿಕೆಟ್ ಪುಟವಾದರೂ ಸರಿ. ಹಾಂ, ಒಂದು ಮಾತು ಅವರಿಗೆ ಮೊದಲೇ ಹೇಳಿಬಿಡಿ. 1984ರಲ್ಲಿ ಅಪ್ಪಂದಿರ ದನಿಯನ್ನೂ ಪರೀಕ್ಷೆ ಮಾಡಿದ್ದರು. ಹೊಸ ಕೂಸುಗಳು ಬೇರೆ ಗಂಡಸಿನ ದನಿಗಿಂತ ಅಪ್ಪನ ದನಿಯೇ ಬೇಕು ಅಂತ ಹಠ ಹಿಡಿಯಲಿಲ್ಲ. ಬೇಜಾರಾಗುವುದು ಬೇಡ. ಆ ಹತ್ತು ನಿಮಿಷದ ಓದು ನಿಮಗೆ ಹಿತವಾದರೆ ಸಾಕು. ಕೋರ್ಸಿಗೆ ಕಟ್ಟಿದ ದುಡ್ಡು ವಾಪಸ್ ಬರದಿದ್ದರೆ ಸಂಜೆಯ ಲೆಕ್ಕಗಳನ್ನು ಅವರೇ ಮಾಡಲಿ.

ಪ್ರಶ್ನೆ: ನಾನು ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಹೆಂಡತಿ ಏಳನೇ ತಿಂಗಳಲ್ಲಿ ಕುಬಸ ಆದ ಮೇಲೆ ರಾಣೆಬೆನ್ನೂರು ಹತ್ತಿರ ತವರಿಗೆ ಹೋಗಿದ್ದಾಳೆ. ಈಗ ಎಂಟು ನಡೆಯುತ್ತಿದೆ. ಫೋನ್ ಮಾಡಿದರೆ "ಎಲ್ಲಾ ಆರಾಮ" ಅಂತ ಇಟ್ಟುಬಿಡುತ್ತಾಳೆ. ರಜೆಗೆ ಹೋದರೆ ಅಳಿಯ ಅಂತ ಹೋಳಿಗೆ ಊಟ ಹಾಕುತ್ತಾರೆ, ಸಂಜೆ ಬಸ್ ಹತ್ತಿಸುತ್ತಾರೆ. ಮಗು ಒದೆಯುವುದನ್ನು ನಾನು ಇನ್ನೂ ಮುಟ್ಟಿ ನೋಡಿಲ್ಲ. ನಾನು ಬರೀ ದುಡ್ಡು ಕಳಿಸುವವನಾ ಮೇಡಂ? (ಬೆಂಗಳೂರು)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಥದ್ದನ್ನು ಗಂಡಸರು ಬರೆಯುವುದು ಅಪರೂಪ.

ತವರಿನ ಬಾಣಂತನ ಒಳ್ಳೆಯದೇ. ಮೊದಲ ಹೆರಿಗೆಯಲ್ಲಿ ಅಮ್ಮ ಪಕ್ಕದಲ್ಲಿರುವ ಧೈರ್ಯವೇ ಬೇರೆ. ಆದರೆ ನಮ್ಮ ಪದ್ಧತಿಯಲ್ಲಿ ಅಪ್ಪನಾಗುವವನಿಗೆ ಜಾಗವೇ ಇಟ್ಟಿಲ್ಲ, ತೊಟ್ಟಿಲು ಹಾಕುವ ದಿನ ಬಾ ಅನ್ನುತ್ತಾರೆ. ಜಾಗವನ್ನು ನೀವೇ ಮಾಡಿಕೊಳ್ಳಬೇಕು.

ಹೆಂಡತಿ ಫೋನ್ ಬೇಗ ಇಡುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಪಡಸಾಲೆಯಲ್ಲಿ ಅಪ್ಪ, ಅಣ್ಣ, ಅತ್ತಿಗೆ ಎಲ್ಲ ಕೂತಿರುತ್ತಾರೆ. ಅವರ ಮುಂದೆ ಗಂಡನ ಹತ್ತಿರ ಏನು ಮಾತಾಡುತ್ತಾಳೆ? "ಆರಾಮ" ಅಂತಲೇ. ಹಾಗಾಗಿ "ಹೇಗಿದ್ದೀಯ?" ಅಂತ ಕೇಳುವುದನ್ನು ಬಿಡಿ. ಒಂದು ಕೆಲಸ ಇಟ್ಟುಕೊಂಡು ಫೋನ್ ಮಾಡಿ. ರಾತ್ರಿ ಊಟ ಆದ ಮೇಲೆ ಅವಳು ರೂಮಿಗೆ ಹೋಗಿ ಎಡಮಗ್ಗುಲಾಗಿ ಮಲಗಲಿ, ಫೋನ್ ಪಕ್ಕದಲ್ಲಿರಲಿ. ಮಗು ಅಲ್ಲಾಡಿದಾಗೆಲ್ಲ "ಒಂದು", "ಎರಡು" ಅನ್ನಲಿ. ನೀವು ಇಲ್ಲಿ ಗಡಿಯಾರ ನೋಡಿ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. 28 ವಾರ ದಾಟಿದ ಮೇಲೆ ಎರಡು ಗಂಟೆಯೊಳಗೆ ಹತ್ತು ಸಲವಾದರೂ ಅಲ್ಲಾಡಬೇಕು. ಹೆಚ್ಚಿನ ದಿನ ಅರ್ಧ ಗಂಟೆಯಲ್ಲೇ ಮುಗಿಯುತ್ತದೆ. ಎಣಿಕೆಯ ನಡುನಡುವೆ ಸುಮ್ಮನೆ ಇರಲಾಗುತ್ತಾ? ಹಿತ್ತಲಲ್ಲಿ ಎಮ್ಮೆ ಕರು ಹಾಕಿದ್ದು, ಅತ್ತಿಗೆ ಮುನಿಸಿಕೊಂಡಿದ್ದು ಎಲ್ಲ ತಾನಾಗಿ ಬರುತ್ತದೆ.

ಇದು ಆಟ ಅಲ್ಲ, ನೆನಪಿರಲಿ. ಹತ್ತು ಆಗದಿದ್ದರೆ, ಅಥವಾ ದಿನದಂತೆ ಅಲ್ಲಾಡುತ್ತಿಲ್ಲ ಅಂತ ಅವಳಿಗೆ ಅನ್ನಿಸಿದರೆ, ಬೆಳಗಾಗಲಿ ಅಂತ ಕಾಯಬಾರದು. ಆಗಲೇ ಆಸ್ಪತ್ರೆಗೆ ಹೋಗಬೇಕು. "ದಿನ ಹತ್ತಿರ ಬಂದಾಗ ಮಗು ಅಲ್ಲಾಡೋದು ಕಡಿಮೆ ಆಗುತ್ತೆ" ಅಂತ ಹಿರಿಯರು ಹೇಳಿದರೆ ಒಪ್ಪಬೇಡಿ. ಒದೆತದ ರೀತಿ ಬದಲಾಗಬಹುದು, ಅಲ್ಲಾಟ ಕಡಿಮೆ ಆಗಬಾರದು. ಆಗ ಗಲಾಟೆ ಮಾಡಿಯಾದರೂ ಕಳಿಸುವ ಜವಾಬ್ದಾರಿ ನಿಮ್ಮದು. ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೋ, ಅವಳ ರಕ್ತದ ಗುಂಪು, ಊರಲ್ಲಿ ಕಾರು ಇಟ್ಟಿರುವವರ ನಂಬರ್, ಆಶಾ ಕಾರ್ಯಕರ್ತೆಯ ನಂಬರ್ ನಿಮ್ಮ ಫೋನಿನಲ್ಲಿರಲಿ. 108 ಎಲ್ಲರಿಗೂ ಗೊತ್ತೇ ಇದೆ.

ಮುಂದಿನ ಸಲ ಹೋದಾಗ ಪಡಸಾಲೆಯ ಕುರ್ಚಿಯಲ್ಲಿ ಅಳಿಯನಾಗಿ ಕೂರಬೇಡಿ. ಅಡುಗೆಮನೆ ಬಾಗಿಲಲ್ಲಿ ನಿಂತು ಅತ್ತೆಗೆ ನೇರವಾಗಿ ಹೇಳಿ: "ಊಟ ಆಮೇಲೆ ಮಾಡ್ತೀನಿ ಅತ್ತೆ, ಸ್ವಲ್ಪ ಹೊತ್ತು ನಾವಿಬ್ಬರೇ ಕೂತಿರ್ತೀವಿ." ಅವರು ನಗಬಹುದು. ನಗಲಿ ಬಿಡಿ. ಎಂಟನೇ ತಿಂಗಳಲ್ಲಿ ಕೈ ಇಟ್ಟರೆ ಒದೆತ ಗೊತ್ತಾಗುತ್ತದೆ, ಎಷ್ಟೋ ಸಲ ಸೀರೆಯ ಮೇಲಿಂದಲೇ ಕಣ್ಣಿಗೂ ಕಾಣುತ್ತದೆ. ನೀವು ಕೈ ಇಟ್ಟ ತಕ್ಷಣ ಮಗು ಸುಮ್ಮನಾಗುವುದೂ ಉಂಟು. ಆಗ ಕೈ ತೆಗೆಯಬೇಡಿ, ಕಾಯಿರಿ.

ರಜೆಯನ್ನು ಈಗಲೇ ಖರ್ಚು ಮಾಡಬೇಡಿ, ಹೆರಿಗೆಗೆ ಉಳಿಸಿಕೊಳ್ಳಿ. ಕೇಂದ್ರ ಸರ್ಕಾರದ ನೌಕರರಾದ ಅಪ್ಪಂದಿರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಫ್ಯಾಕ್ಟರಿಗಳಿಗೆ ಅಂಥ ಕಾಯ್ದೆ ಇಲ್ಲ, ಸೂಪರ್‌ವೈಸರ್ ಹತ್ತಿರ ಇವತ್ತಿನಿಂದಲೇ ಕೇಳಿಡಿ. ಹೆರಿಗೆ ಕೋಣೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹೆಂಗಸರನ್ನೇ ಜೊತೆಗೆ ಬಿಡುತ್ತಾರೆ. ಬಾಗಿಲ ಹೊರಗಾದರೂ ಸರಿ, ಅಲ್ಲಿರಿ.

ಪ್ರಶ್ನೆ: ಕೇಳಲು ನಾಚಿಕೆ ಆಗುತ್ತೆ. ನನಗೆ ಆರು ತಿಂಗಳು. ಗಂಡ ಹತ್ತಿರ ಬಂದರೆ ಮಗುವಿಗೆ ಪೆಟ್ಟಾಗುತ್ತಾ? ಅವರೂ ಹೆದರಿ ಈಗ ಹಾಲ್‌ನಲ್ಲಿ ಮಲಗುತ್ತಿದ್ದಾರೆ. (ಹೊಸಪೇಟೆ)

ಉತ್ತರ: ನಾಚಿಕೆ ಏಕೆ, ಅದಿಲ್ಲದೆ ಆರು ತಿಂಗಳು ಆಯಿತೇ? ಎಲ್ಲ ಸರಿಯಾಗಿರುವ ಬಸಿರಿನಲ್ಲಿ ಏನೂ ಆಗುವುದಿಲ್ಲ. ಮಗು ನೀರಿನ ಚೀಲದೊಳಗಿದೆ, ಗರ್ಭಕೋಶದ ಬಾಯಿ ಮುಚ್ಚಿದೆ, ಪೆಟ್ಟು ತಲುಪುವ ದಾರಿಯೇ ಇಲ್ಲ. ಆಮೇಲೆ ಸ್ವಲ್ಪ ಹೊತ್ತು ಹೊಟ್ಟೆ ಬಿಗಿಯಾದರೆ ಅದು ಇಳಿಯುತ್ತದೆ. ಹೊಟ್ಟೆಯ ಮೇಲೆ ಭಾರ ಬೀಳದಂತೆ ಮಗ್ಗುಲಾಗಿದ್ದರೆ ಆಯಿತು. ಆದರೆ ಮಾಸು ಕೆಳಗಿದೆ ಅಂತ ಸ್ಕ್ಯಾನಿನಲ್ಲಿ ಹೇಳಿದ್ದರೆ, ರಕ್ತ ಕಾಣಿಸಿಕೊಂಡಿದ್ದರೆ, ನೀರು ಸೋರುತ್ತಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ ಅಥವಾ ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದರೆ ಡಾಕ್ಟರನ್ನು ಕೇಳದೆ ಬೇಡ.

ನಿಮಗೆ ಮನಸ್ಸಿಲ್ಲದಿದ್ದರೆ ಅದೂ ಸರಿಯೇ, "ಬೇಡ" ಅಂದರೆ ಬೇಡ. ಯಾವುದಾದರೂ ಇರಲಿ, ಅವರನ್ನು ಹಾಲ್‌ನಿಂದ ವಾಪಸ್ ಕರೆಯಿರಿ. ರಾತ್ರಿ ಮೂರು ಗಂಟೆಗೆ ಮೀನಖಂಡ ಹಿಡಿದುಕೊಂಡಾಗ ಪಾದ ಮೇಲಕ್ಕೆ ಬಗ್ಗಿಸಿ ಹಿಡಿಯಲು ಒಬ್ಬರು ಬೇಕಲ್ಲ.

ಪ್ರಶ್ನೆ: ನಾನು ಅತ್ತೆ. ಸೊಸೆಗೆ ಎಂಟು ತಿಂಗಳು. ರಾತ್ರಿ ಹೊತ್ತು ನನ್ನ ಮಗ ಅವಳ ಕಾಲು ಒತ್ತುತ್ತಾನೆ, ಬೆಳಗ್ಗೆ ಅವನೇ ಕಾಫಿ ಮಾಡುತ್ತಾನೆ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಬೈಯುವುದಾ, ಸುಮ್ಮನಿರುವುದಾ ತಿಳಿಯುತ್ತಿಲ್ಲ. ನೋಡಿದರೆ ಹೊಟ್ಟೆಯಲ್ಲಿ ಏನೋ ಸಂಕಟ. (ಕಡೂರು)

ಉತ್ತರ: ಅಮ್ಮಾ, ನೀವು ಇದನ್ನು ಬರೆದಿದ್ದಕ್ಕೇ ನಿಮ್ಮ ಮೇಲೆ ಗೌರವ ಬಂತು. ಆ ಸಂಕಟ ಮಗನ ಮೇಲಿನದ್ದೂ ಅಲ್ಲ, ಸೊಸೆಯ ಮೇಲಿನದ್ದೂ ಅಲ್ಲ ಅಂತ ನನಗನ್ನಿಸುತ್ತದೆ. ಈ ಮಗನನ್ನೇ ಹೊತ್ತಿದ್ದಾಗ ನಿಮ್ಮ ಕಾಲೂ ಊದಿತ್ತು. ಆಗ ಯಾರು ಒತ್ತಿದರು? ಊದಿದ ಕಾಲಲ್ಲೇ ಒಲೆ ಮುಂದೆ ನಿಂತು ಹತ್ತು ಜನಕ್ಕೆ ರೊಟ್ಟಿ ತಟ್ಟಿರುತ್ತೀರಿ. ಅದನ್ನು ಒಂದು ದಿನ ಸೊಸೆಗೆ ಹೇಳಿ, ದೂರಿನ ಹಾಗಲ್ಲ, ಸುಮ್ನೆ ಸೊಪ್ಪು ಬಿಡಿಸುತ್ತಾ. ಅವಳಿಗೆ ನಿಮ್ಮ ಆ ಕಾಲದ ಕಥೆ ಗೊತ್ತೇ ಇರಲ್ಲ. ಮಗನಿಗೂ ಗೊತ್ತಿರಲ್ಲ.

ಬೈಯುವುದಂತೂ ಬೇಡ. ಮಗ ಕಾಫಿ ಮಾಡುವಾಗ "ನಂಗೂ ಅರ್ಧ ಲೋಟ ಇಡಪ್ಪಾ" ಅನ್ನಿ.

ಆದರೆ ಮಗ ದಿನಾ ಒತ್ತುತ್ತಾನೆ ಅಂದರೆ ಸೊಸೆಯ ಕಾಲು ಊದಿರಬಹುದು ಅಂತ ನನಗೊಂದು ಅನುಮಾನ. ಎಂಟನೇ ತಿಂಗಳಲ್ಲಿ ಸಂಜೆ ಹೊತ್ತಿಗೆ ಪಾದ ಊದುವುದು ಮಾಮೂಲಿ. ರಾತ್ರಿ ಮಲಗಿ ಬೆಳಗ್ಗೆ ಎದ್ದಾಗಲೂ ಇಳಿದಿರದಿದ್ದರೆ, ಮುಖ ಅಥವಾ ಕೈಬೆರಳು ಊದಿ ಬಳೆ, ಉಂಗುರ ಬಿಗಿಯಾದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಅದು ಬಿಪಿ ಏರಿದ್ದರ ಗುರುತು ಇರಬಹುದು. 140/90 ಅಥವಾ ಅದಕ್ಕಿಂತ ಮೇಲಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವ ವಿಷಯವಲ್ಲ. ದಿನಾ ಕಾಲು ಒತ್ತುವವನಿಗೇ ಊತ ಇಳಿದಿದೆಯೋ ಇಲ್ಲವೋ ಮೊದಲು ಗೊತ್ತಾಗುವುದು. ನಾಳೆ ಬೆಳಗ್ಗೆ ಅವನನ್ನೇ ಕೇಳಿ, ಇಳಿದಿಲ್ಲ ಅಂದರೆ ಕಾಫಿ ಆಮೇಲೆ, ಮೊದಲು ಆಸ್ಪತ್ರೆಗೆ ಕಳಿಸಿ.